ಶ್ರೇಢಿಗಳನ್ನು ದುಡ್ಡಿನ ಲೆಕ್ಕದಿಂದ ಮಕ್ಕಳಿಗೆ ಕಲಿಸುವುದು ಹೇಗೆ?

ಶ್ರೇಢಿ ಎಂದರೆ ಒಂದು ನಿಯಮದಂತೆ ಸಾಗುವ ಸಂಖ್ಯೆಗಳ ಸಾಲು. ಸೂತ್ರ ಆಮೇಲೆ ಇರಲಿ, ಮೊದಲು ಮಕ್ಕಳ ಮುಂದೆ ಒಂದು ಆಯ್ಕೆ ಇಡಿ. ಉಡುಪಿ ರಥಬೀದಿಯ ಅಂಗಡಿಯೊಂದರಲ್ಲಿ ರಜೆಯ ಕೆಲಸ ಸಿಕ್ಕಿದೆ ಎಂದುಕೊಳ್ಳಲಿ. ಸಂಬಳ ಎರಡು ಥರ. ಒಂದು, ಮೊದಲ ದಿನ 100 ರೂಪಾಯಿ, ಆಮೇಲೆ ದಿನಕ್ಕೆ 10 ರೂಪಾಯಿ ಜಾಸ್ತಿ. ಇನ್ನೊಂದು, ಮೊದಲ ದಿನ ಬರೀ 1 ರೂಪಾಯಿ, ಆದರೆ ದಿನಾ ದುಪ್ಪಟ್ಟು. ಯಾವುದು ಬೇಕು?

ಹೆಚ್ಚಿನ ಮಕ್ಕಳು 100ಕ್ಕೇ ಕೈ ಹಾಕುತ್ತಾರೆ. 10 ದಿನದ ಕೆಲಸವಾದರೆ ಅದೇ ಸರಿ: ಒಟ್ಟು 1,450, ಇನ್ನೊಂದರಲ್ಲಿ 1,023. 11ನೇ ದಿನ ಲೆಕ್ಕ ತಿರುಗುತ್ತದೆ: 1,650ರ ಎದುರು 2,047. 15 ದಿನಕ್ಕೆ 2,550 ಎಲ್ಲಿ, 32,767 ಎಲ್ಲಿ! (ಇಂಥ ಧಣಿ ಸಿಗುವುದಿಲ್ಲ, ಅದು ಬೇರೆ ಮಾತು.)

ಕಾರಣ ಇಷ್ಟೇ. ಮೊದಲನೆಯದರಲ್ಲಿ ಪ್ರತಿ ಸಲ ಒಂದೇ ಮೊತ್ತ ಕೂಡುತ್ತದೆ, ಅದು ಸಮಾಂತರ ಶ್ರೇಢಿ. ಎರಡನೆಯದರಲ್ಲಿ ಪ್ರತಿ ಸಲ ಒಂದೇ ಸಂಖ್ಯೆಯಿಂದ ಗುಣಿಸುತ್ತೇವೆ, ಅದು ಗುಣೋತ್ತರ ಶ್ರೇಢಿ. ಅಲ್ಲಿ ಬೆಳೆದದ್ದೂ ಮತ್ತೆ ಬೆಳೆಯುತ್ತದೆ.

ಆಮೇಲೆ ಬ್ಯಾಂಕಿಗೆ ಬನ್ನಿ. ನಮ್ಮೂರಲ್ಲಿ ಉದಾಹರಣೆಗೆ ಬರವೇ? ದಿನಾ ಸ್ವಲ್ಪ ಸ್ವಲ್ಪ ದುಡ್ಡು ಕಟ್ಟುವ ಪಿಗ್ಮಿ ಠೇವಣಿ ಶುರುವಾದದ್ದೇ ಉಡುಪಿಯಲ್ಲಿ, 1928ರಲ್ಲಿ. ದಿನಾ 50 ಕಟ್ಟಿದರೆ ಜಮೆ 50, 100, 150 ಹೀಗೆ ಏರುತ್ತದೆ. ಸಮಾಂತರ ಅಲ್ವಾ? ಬಡ್ಡಿಯಲ್ಲಿ ಎರಡೂ ಸಿಗುತ್ತವೆ. 10,000 ರೂಪಾಯಿ ಶೇ. 8ರ ಸರಳ ಬಡ್ಡಿಯಲ್ಲಿ 10 ವರ್ಷಕ್ಕೆ 18,000 ಆಗುತ್ತದೆ, ವರ್ಷಕ್ಕೊಮ್ಮೆ ಸೇರುವ ಚಕ್ರಬಡ್ಡಿಯಲ್ಲಿ ಸುಮಾರು 21,589. ಎರಡನೇ ವರ್ಷದ ಕೊನೆಗೆ ಮಾತ್ರ ವ್ಯತ್ಯಾಸ ಬರೀ 64. ಅದು ಎಲ್ಲಿಂದ ಬಂತು ಎಂದು ಮಕ್ಕಳೇ ಹುಡುಕಲಿ: ಮೊದಲ ವರ್ಷದ ಬಡ್ಡಿ 800, ಅದರ ಮೇಲಿನ ಬಡ್ಡಿಯೇ ಆ 64.