ಈಗಿನ ಹುಡುಗರಿಗೆ ಬೇಟೆ, ಶೂಟಿಂಗ್ ಯಾಕೆ ಬೇಡವಾಗಿದೆ? ಊರಿನ ಕೋವಿಯನ್ನು ಏನು ಮಾಡಬೇಕು?

ನಿಮ್ಮ ಪ್ರಶ್ನೆಯಲ್ಲಿ ಮೂರು ಸಂಗತಿಗಳು ಹೆಣೆದುಕೊಂಡಿವೆ. ಯಲ್ಲಾಪುರದ ಕಡೆಯ ನಿಮ್ಮ ಮನೆಯಲ್ಲಿ ಅಜ್ಜ, ಅಪ್ಪ ಇಬ್ಬರೂ ಶಿಕಾರಿಯವರು. ಪುಣೆಯಲ್ಲಿ ಬೆಳೆದ ಹದಿಮೂರು ವರ್ಷದ ಮಗನಿಗೆ ಅದರ ಮೇಲೆ ಮನಸ್ಸೇ ಇಲ್ಲ. ಏರ್ ರೈಫಲ್ ತರಬೇತಿಗೆ ಸೇರಿಸಿದಿರಿ, ಎಂಟು ತಿಂಗಳಿಗೆ ಬಿಟ್ಟ. ಈಗ ಅಪ್ಪ ತೀರಿಕೊಂಡಿದ್ದಾರೆ, ಅವರ ಜೋಡುನಳಿಗೆ ಕೋವಿ ಊರಿನ ಮನೆಯಲ್ಲೇ ಇದೆ. ಮೂರಕ್ಕೂ ‘ಹೊಸ ಪೀಳಿಗೆಗೆ ಆಸಕ್ತಿ ಇಲ್ಲ’ ಎಂಬ ಒಂದೇ ಕಾರಣ ಕೊಟ್ಟಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಬೇಟೆಯನ್ನು ನಿಲ್ಲಿಸಿದ್ದು ಕಾನೂನು. ಮಗ ರೈಫಲ್ ಬಿಟ್ಟದ್ದಕ್ಕೆ ಕಾರಣ ಬಹುಮಟ್ಟಿಗೆ ಅವನ ಕೈಗೆ ಕೊಟ್ಟ ರೈಫಲ್ಲಿನಲ್ಲೇ ಇರಬಹುದು. ಕೋವಿಯ ವಿಷಯವಂತೂ ತಡಮಾಡಬಾರದ ಕೆಲಸ, ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ಲೈಸೆನ್ಸ್ ವ್ಯಕ್ತಿಯ ಹೆಸರಿನಲ್ಲಿರುತ್ತದೆ, ಮನೆತನದ ಹೆಸರಿನಲ್ಲಲ್ಲ. ಲೈಸೆನ್ಸುದಾರರು ತೀರಿಕೊಂಡ ಮೇಲೆ ಆ ಕೋವಿಯನ್ನು ಮನೆಯಲ್ಲಿಟ್ಟುಕೊಳ್ಳುವ ಹಕ್ಕು ಉಳಿದವರಿಗೆ ತಾನಾಗಿ ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮಿನ ಪ್ರಕಾರ ಅನಗತ್ಯ ವಿಳಂಬ ಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಠೇವಣಿ ಇಡಬೇಕು. ರಸೀದಿಯಲ್ಲಿ ಕೋವಿಯ ನಂಬರು, ಬೋರು (ನಳಿಗೆಯ ಒಳಅಳತೆ), ತೋಟಗಳ (ಕಾರ್ಟ್ರಿಜ್) ಎಣಿಕೆ ಬರೆಸಿಕೊಳ್ಳಿ. ಕಾರಿನ ಡಿಕ್ಕಿಯಲ್ಲಿಟ್ಟು ಪುಣೆಗೆ ತರುವ ಯೋಚನೆ ಖಂಡಿತ ಬೇಡ. ಠಾಣೆಗೆ ಫೋನ್ ಮಾಡಿ ಸಾವಿನ ವಿಷಯ ತಿಳಿಸಿ, ಕೋವಿ ತಂದು ಒಪ್ಪಿಸುವುದು ಹೇಗೆಂದು ಅವರನ್ನೇ ಕೇಳಿ, ಅವರು ಹೇಳಿದಂತೆ ಮಾಡಿ.

ಯಾರಾದರೂ ಉಳಿಸಿಕೊಳ್ಳುವುದಾದರೆ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ವಾರಸುದಾರರಿಗೆ ದಾರಿ ಇದೆ. ಮರಣ ಪ್ರಮಾಣಪತ್ರ, ಮೂಲ ಲೈಸೆನ್ಸ್ ಪುಸ್ತಕ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಸುರಕ್ಷಿತ ಬಳಕೆಯ ತರಬೇತಿ ಪ್ರಮಾಣಪತ್ರ ಬೇಕಾಗುತ್ತವೆ. ಅರ್ಜಿದಾರರಿಗೆ 21 ತುಂಬಿರಬೇಕು. ಒಡಹುಟ್ಟಿದವರಲ್ಲಿ ಒಬ್ಬರು ಒಪ್ಪಿಗೆ ಪತ್ರ ಕೊಡದಿದ್ದರೆ ಕಡತ ಅಲ್ಲೇ ಕೂರುತ್ತದೆ, ಹಾಗಾಗಿ ಮೊದಲು ಆ ಮಾತು ಮುಗಿಸಿ. ಪುಣೆ ನಗರದಲ್ಲಿ ವಾಸವಿದ್ದರೆ ಲೈಸೆನ್ಸ್ ಕೊಡುವವರು ಪೊಲೀಸ್ ಕಮಿಷನರ್, ಊರಿನಲ್ಲಾದರೆ ಜಿಲ್ಲಾಧಿಕಾರಿ. ಯಾರಿಗೂ ಬೇಡವಾದರೆ ಅಂಗಡಿಯ ಮೂಲಕ ಕ್ರಮಬದ್ಧವಾಗಿ ಮಾರಬಹುದು. ಮಲೆನಾಡಿನಲ್ಲಿ ಗದ್ದೆ-ತೋಟ ಇಲ್ಲದವರು ಇಂಥ ಕೋವಿ ಇಟ್ಟುಕೊಂಡರೆ ಪ್ರತಿ ಚುನಾವಣೆಗೆ ಠಾಣೆಗೆ ಒಪ್ಪಿಸುವುದು, ವಾಪಸು ತರುವುದು, ನವೀಕರಣ, ಇಷ್ಟೇ ಕೈಗೆ ಉಳಿಯುವುದು. ಮಾರುವುದೇ ಲೇಸು ಎನ್ನುವುದು ನನ್ನ ಅಭಿಪ್ರಾಯ.

ಅಪ್ಪನ ಕಾಲದ ತೋಟಗಳನ್ನು ‘ಒಂದು ಈಡು ಹೊಡೆದು ನೋಡೋಣ’ ಎಂದು ಯಾರೂ ಮುಟ್ಟಬಾರದು. ಮಳೆಗಾಲದ ತೇವಕ್ಕೆ ಕಾಗದದ ತೋಟ ಉಬ್ಬುತ್ತದೆ, ಅರ್ಧ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದು ಹೊಸ ತೋಟವನ್ನು ಹಳೆಯ ಕೋವಿಗೆ ಹಾಕುವುದು. ಹಳೆಯ 12 ಬೋರ್ ಕೋವಿಗಳಲ್ಲಿ ಅನೇಕದರ ಚೇಂಬರ್ (ತೋಟ ಕೂರುವ ಜಾಗ) 65 ಮಿ.ಮೀ.; ಈಗ ಸಿಗುವ ತೋಟಗಳು ಹೆಚ್ಚಾಗಿ 70 ಮಿ.ಮೀ. ಆದರೂ ಅದು ಸಲೀಸಾಗಿ ಒಳಗೆ ಕೂರುತ್ತದೆ, ಯಾಕೆಂದರೆ ತೋಟದ ಮೇಲೆ ಬರೆದಿರುವ ಉದ್ದ ಬಾಯಿ ಬಿಚ್ಚಿಕೊಂಡ ಮೇಲಿನದು. ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಚರೆ ಹೊರಡುವ ದಾರಿ ಕಿರಿದಾಗುತ್ತದೆ, ಒತ್ತಡ ಏರುತ್ತದೆ. ತುಕ್ಕು ತಿಂದ ನಳಿಗೆ ಅದನ್ನು ತಾಳಲಿಕ್ಕಿಲ್ಲ.

ಇನ್ನು ಬೇಟೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಕೆಲವು ಪ್ರಾಣಿಗಳಿಗೆ ಲೈಸೆನ್ಸ್ ಮೇಲೆ ಶಿಕಾರಿ ಮಾಡಲು ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಕಾನೂನಿನ ಕಣ್ಣಿನಲ್ಲಿ ಬೇಟೆ ಎಂದರೆ ಗುಂಡು ಹೊಡೆಯುವುದು ಮಾತ್ರವಲ್ಲ. ಉರುಳು ಹಾಕುವುದು, ಪ್ರಾಣಿಯನ್ನು ಅಟ್ಟಿ ಸೋವುವುದು, ಹಿಡಿಯಲು ಯತ್ನಿಸುವುದು ಎಲ್ಲವೂ ಅದರಲ್ಲಿ ಬರುತ್ತದೆ. ಏರ್‌ಗನ್‌ನಿಂದ ಕಾಡು ಹಕ್ಕಿ ಹೊಡೆಯುವುದೂ ಅಷ್ಟೆ, ಗನ್ನಿಗೆ ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಹಕ್ಕಿಗೆ ರಕ್ಷಣೆ ಇಲ್ಲ ಎಂದಾಗುವುದಿಲ್ಲ. ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಹೊಡೆಯಲು 11ನೇ ಕಲಮಿನಡಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು, ಹೊಡೆದ ಹಂದಿ ಸರ್ಕಾರದ ಸ್ವತ್ತು. ಅಂದರೆ ಹಂಚಿಕೆಯ ಮಾಂಸ, ಹಳು ಸೋವುವ ಗಂಡಸರ ಗುಂಪು, ಹಿರಿಯರು ಕಿರಿಯರಿಗೆ ಹೆಜ್ಜೆ ಗುರುತು ತೋರಿಸುವುದು, ಶಿಕಾರಿಯನ್ನು ಕಲಿಸುತ್ತಿದ್ದ ಇಡೀ ವ್ಯವಸ್ಥೆಯೇ ನಿಮ್ಮ ಮಗ ಹುಟ್ಟುವ ಎಷ್ಟೋ ವರ್ಷ ಮೊದಲೇ ಮುಗಿದಿತ್ತು. ಮುಗಿದದ್ದು ಒಳ್ಳೆಯದೇ ಆಯಿತು, ನಮ್ಮ ಕಾಡುಗಳಲ್ಲಿ ಉಳಿದಿರುವುದೇ ಅಷ್ಟು. ಆದರೆ ಅವನು ನೋಡಿಯೇ ಇಲ್ಲದ್ದರ ಮೇಲೆ ಅವನಿಗೆ ಆಸೆ ಇಲ್ಲ ಎಂದು ಬೇಸರಪಟ್ಟರೆ ಅದು ಅವನಿಗೆ ಅನ್ಯಾಯ.

ಕೊಡಗನ್ನು ನೋಡಿ. ಅಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಬೇಟೆ ಅಲ್ಲೂ ನಿಷಿದ್ಧವೇ. ಆದರೂ ಆಯುಧ ಪೂಜಿಸುವ ಹಬ್ಬವಾದ ಕೈಲ್‌ಪೊಳ್ದ್‌ಗೆ ಕೋವಿ ಪೂಜೆ ಇದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇದೆ, ಅದರಲ್ಲಿ ಹೆಂಗಸರೂ ಹುಡುಗರೂ ನಿಲ್ಲುತ್ತಾರೆ. ಪ್ರಾಣಿ ಹೋದರೂ ಗುರಿ ಉಳಿದಿದೆ, ಏಕೆಂದರೆ ಅದಕ್ಕೊಂದು ದಿನ, ಒಂದು ಮೈದಾನ, ನೋಡುವ ಜನ ಇದ್ದಾರೆ.

ಮಹಾರಾಷ್ಟ್ರದಲ್ಲಿ ಆ ಮೈದಾನ ಶೂಟಿಂಗ್ ರೇಂಜು. ಮುಂಬಯಿಯ ಅಂಜಲಿ ಭಾಗವತ್ 2000ರ ಸಿಡ್ನಿ ಒಲಿಂಪಿಕ್ಸ್ ಫೈನಲ್‌ನಲ್ಲಿದ್ದರು. 2004ರ ಅಥೆನ್ಸ್ ಫೈನಲ್ ತಲುಪಿದ ಸುಮಾ ಶಿರೂರು ಹುಟ್ಟಿದ್ದು ನಮ್ಮ ಚಿಕ್ಕಬಳ್ಳಾಪುರದಲ್ಲಿ, ಅವರ ತರಬೇತಿ ಕೇಂದ್ರ ಇರುವುದು ಪನ್ವೇಲಿನಲ್ಲಿ. 2024ರ ಪ್ಯಾರಿಸ್‌ನಲ್ಲಿ 50 ಮೀಟರ್ ರೈಫಲ್ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೊಲ್ಹಾಪುರ ಜಿಲ್ಲೆಯವರು, ಪುಣೆಯಲ್ಲೇ ಅಭ್ಯಾಸ ಮಾಡಿದವರು. ಬಾಲೇವಾಡಿಯ ಕ್ರೀಡಾಸಂಕುಲ ನೀವಿರುವ ಪುಣೆಯಲ್ಲೇ ಇದೆ. ಸೇರುವ ಮಕ್ಕಳಿಗೆ ಇಲ್ಲಿ ಕೊರತೆಯಿಲ್ಲ. ಸೇರಿದವರು ಮೊದಲ ಒಂದೆರಡು ವರ್ಷದಲ್ಲಿ ಬಿಡುವುದೇ ಸಮಸ್ಯೆ, ಅದರ ಕಾರಣಗಳನ್ನು ತಿದ್ದಬಹುದು.

ನನ್ನ ಲೆಕ್ಕದಲ್ಲಿ ಮೊದಲ ಕಾರಣ ಅಳತೆ. ಹದಿಮೂರರಿಂದ ಹದಿನೈದರೊಳಗೆ ಹುಡುಗ ಸರ್ರನೆ ಎತ್ತರವಾಗುತ್ತಾನೆ. ಶಾಲೆಯ ಯೂನಿಫಾರ್ಮನ್ನು ವರ್ಷ ವರ್ಷ ಹೊಸದಾಗಿ ಹೊಲಿಸುವ ನಾವು ರೈಫಲ್ಲಿನ ಅಳತೆಯನ್ನು ಸೇರಿದ ದಿನದ್ದೇ ಬಿಟ್ಟಿರುತ್ತೇವೆ. ನಿಂತು ಹೊಡೆಯುವಾಗ ಎಡ ಮೊಣಕೈ ಸೊಂಟದ ಮೂಳೆಯ ಮೇಲೆ ಕೂರಬೇಕು, ರೈಫಲ್ಲಿನ ತೂಕ ಸ್ನಾಯುವಿಗೆ ಬೀಳದೆ ಮೂಳೆಯ ಮೂಲಕ ನೆಲಕ್ಕಿಳಿಯಬೇಕು. ಹೆಗಲಿಗೆ ಒತ್ತುವ ಹಿಂದಿನ ಬಟ್‌ಪ್ಲೇಟ್ ಎತ್ತರದಲ್ಲಿದ್ದರೆ ರೈಫಲ್ ಕೆಳಗುಳಿಯುತ್ತದೆ, ಹುಡುಗ ಕತ್ತು ಬಗ್ಗಿಸಿ ಕಣ್ಣನ್ನು ಗುರಿ ನೋಡುವ ಸೈಟಿಗೆ ತರುತ್ತಾನೆ. ಅರ್ಧ ಗಂಟೆಗೆ ಕತ್ತು ನೋವು, ತಿಂಗಳಿಗೆ ಬೆನ್ನು ನೋವು, ಆಮೇಲೆ ‘ನನಗೆ ಬೇಡ’. ಪರಿಹಾರ: ಬಟ್‌ಪ್ಲೇಟನ್ನು ಕೆಳಗಿಳಿಸಿ, ಅಂಗೈ ಹೊರುವ ಮುಂದಿನ ಆಸರೆಯನ್ನು ಎತ್ತರಿಸಿ, ರೈಫಲ್ ತಾನೇ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಪರೀಕ್ಷೆ ಸುಲಭ. ಕಣ್ಣು ಮುಚ್ಚಿ ರೈಫಲ್ ಹೆಗಲಿಗೇರಿಸಿ, ಕೆನ್ನೆಯನ್ನು ಆರಾಮವಾಗಿ ಊರಿ, ಕಣ್ಣು ತೆರೆಯಬೇಕು. ಸೈಟಿನ ರಂಧ್ರದ ನಡುವೆ ಮುಂದಿನ ಉಂಗುರ ಕಾಣದಿದ್ದರೆ ಬದಲಿಸಬೇಕಾದದ್ದು ಕೆನ್ನೆಗೆ ಆಸರೆಯಾಗುವ ಚೀಕ್‌ಪೀಸು, ಅವನ ಕತ್ತಲ್ಲ. ಕ್ಲಬ್ಬಿನ ರೈಫಲ್ಲನ್ನು ನಾಲ್ಕು ಮಕ್ಕಳು ಹಂಚಿಕೊಂಡಿದ್ದರೆ ಅವನ ಅಳತೆಯ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಡಲಿ, ಪ್ರತಿ ಸಲ ಅದರಂತೆ ಹೊಂದಿಸಲಿ, ಎರಡು ತಿಂಗಳಿಗೊಮ್ಮೆ ಹೊಸದಾಗಿ ನೋಡಲಿ. ನಿಯಮ 5.5 ಕಿಲೋವರೆಗೆ ಬಿಡುತ್ತದೆ ಎಂದು ಸಣ್ಣ ಮೈಯ ಹುಡುಗನಿಗೆ ಅಷ್ಟು ಹೊರಿಸಬೇಕಿಲ್ಲ, ಸೇರಿಸಿದ ತೂಕಗಳನ್ನು ಬಿಚ್ಚಿಡಿ.

ಎರಡನೆಯದು ಅವನದಲ್ಲದ ತಪ್ಪಿಗೆ ಅವನು ಬೈಸಿಕೊಳ್ಳುವುದು. ಈಗಿನ ಮ್ಯಾಚ್ ರೈಫಲ್ಲುಗಳು ಸಿಲಿಂಡರಿನ ಒತ್ತಿದ ಗಾಳಿಯಲ್ಲಿ ಹೊಡೆಯುತ್ತವೆ, ತುಂಬಿದಾಗ ಒತ್ತಡ ಸಾಮಾನ್ಯವಾಗಿ 200 ಬಾರ್. ಒತ್ತಡ ತೀರಾ ಇಳಿದರೆ ಪೆಲೆಟ್ಟಿನ (ಏರ್ ರೈಫಲ್ಲಿನ ಪುಟ್ಟ ಗುಂಡು) ವೇಗ ಕುಗ್ಗಿ ಹೊಡೆತ ಕೆಳಗೆ ಬೀಳತೊಡಗುತ್ತದೆ, ಹುಡುಗ ತನ್ನ ಉಸಿರನ್ನೋ ಕೈಯನ್ನೋ ತಿದ್ದುತ್ತಾ ಕೂರುತ್ತಾನೆ. ಶುರುವಿಗೆ ಮುನ್ನ ಗೇಜ್ ನೋಡುವ ಅಭ್ಯಾಸ ಮಾಡಿಸಿ. ಸಿಲಿಂಡರಿನ ಮೇಲಿನ ತಾರೀಕೂ ನೋಡಿ, ಹತ್ತು ವರ್ಷ ದಾಟಿದ್ದನ್ನು ಬಳಸಬಾರದು. ಪುಣೆಯ ಮಳೆಗಾಲದಲ್ಲಿ ತೇವ ಹೀರುವ ಫಿಲ್ಟರ್ ಇಲ್ಲದ ಕೈಪಂಪಿನಿಂದ ತುಂಬಿದರೆ ನೀರಿನ ಅಂಶ ಒಳಗೆ ಸೇರಿ ಲೋಹ ಕೆಡುತ್ತದೆ. ಕಣ್ಣನ್ನೂ ಒಮ್ಮೆ ತೋರಿಸಿ, ಈ ವಯಸ್ಸಿನಲ್ಲಿ ಪವರ್ ಬೇಗ ಬದಲಾಗುತ್ತದೆ. ದಿನಬಳಕೆಯ ಕನ್ನಡಕದ ಮೂಲೆಯಿಂದ ಇಣುಕಿ ನೋಡಿದರೆ ಗುರಿಯ ಕಪ್ಪು ವೃತ್ತ ಅಂಡಾಕಾರವಾಗಿ ಹರಡಿಕೊಳ್ಳುತ್ತದೆ.

ಮೂರನೆಯದು ಸ್ಕೋರು. 10 ಮೀಟರ್ ರೈಫಲ್ ಗುರಿಯಲ್ಲಿ ಹತ್ತರ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್. ಪಂದ್ಯದಲ್ಲಿ 75 ನಿಮಿಷಕ್ಕೆ 60 ಹೊಡೆತ, ಹೊಡೆತಕ್ಕೆ ಗರಿಷ್ಠ 10.9ರಂತೆ ಒಟ್ಟು ಅಂಕ 654. ಎಲೆಕ್ಟ್ರಾನಿಕ್ ಪರದೆ ಪ್ರತಿ ಹೊಡೆತಕ್ಕೂ 9.4, 10.1 ಎಂದು ತೋರಿಸುತ್ತಿರುತ್ತದೆ, ಹಿಂದಿನ ಕುರ್ಚಿಯಲ್ಲಿ ಅಪ್ಪನೋ ಅಮ್ಮನೋ ಅದನ್ನೇ ನೋಡುತ್ತಿರುತ್ತಾರೆ. ಹುಡುಗ ಒಂದೊಂದು ಪೆಲೆಟ್ಟಿಗೂ ಸೈಟ್ ತಿರುಗಿಸುತ್ತಾನೆ, ಹೊಡೆತಗಳು ಇನ್ನೂ ಚದುರುತ್ತವೆ. ಮೊದಲ ವರ್ಷ ವೃತ್ತಗಳೇ ಇಲ್ಲದ ಬಿಳಿ ಕಾರ್ಡಿಗೆ ಐದೈದು ಹೊಡೆದು ಗುಂಪು ಎಷ್ಟು ಬಿಗಿ ಎಂದು ನೋಡುವುದೇ ಸರಿ. ಐದೂ ಒಂದೆಡೆ ಸೇರಿ ನಡುವಿನಿಂದ ಸರಿದಿದ್ದರೆ ಮಾತ್ರ ಸೈಟ್ ತಿದ್ದಬೇಕು. ಒಂದು ಹೊಡೆತಕ್ಕೆ ಆರರಿಂದ ಎಂಟು ಸೆಕೆಂಡ್ ಹಿಡಿತ ಸಾಕು. ಹತ್ತು ದಾಟಿದರೆ ಕಣ್ಣು ಹಳೆಯ ಚಿತ್ರವನ್ನೇ ತೋರಿಸುತ್ತಿರುತ್ತದೆ, ಆಗ ರೈಫಲ್ ಇಳಿಸಬೇಕು. ಇಳಿಸುವ ಧೈರ್ಯ ಬಂದ ಹುಡುಗ ಉಳಿಯುತ್ತಾನೆ. ಅದಕ್ಕೆ ಭೇಷ್ ಅನ್ನಿ, 10.5ಕ್ಕೆ ಬೇಡ.

ದುಡ್ಡಿನ ವಿಷಯ: ಆಮದಿನ ಮ್ಯಾಚ್ ರೈಫಲ್ ಎರಡು ಲಕ್ಷ ದಾಟುತ್ತದೆ. ಎತ್ತರ ನಿಲ್ಲುವವರೆಗೆ ಕೊಳ್ಳಬೇಡಿ, ಕ್ಲಬ್ಬಿನದ್ದೇ ಸಾಕು. ಸಲಕ್ಕೆ 80–100 ಪೆಲೆಟ್ ಹೊಡೆದರೆ 500ರ ಡಬ್ಬಿ ಐದಾರು ಸಲಕ್ಕೆ ಖಾಲಿ. ಅರ್ಧ ಸಮಯ ಪೆಲೆಟ್ ಇಲ್ಲದೆ ಟ್ರಿಗರ್ ಅಭ್ಯಾಸ ಮಾಡಿಸಿದರೆ ಖರ್ಚೂ ಇಳಿಯುತ್ತದೆ, ಕೈಯೂ ಪಳಗುತ್ತದೆ. ಅದು ಆ ಅಭ್ಯಾಸಕ್ಕೆಂದೇ ಲಿವರ್ ಇರುವ ರೈಫಲ್ಲಿನಲ್ಲಿ ಮಾತ್ರ. ಸ್ಪ್ರಿಂಗ್ ಗನ್ನಿನಲ್ಲಿ ಪೆಲೆಟ್ ಇಲ್ಲದೆ ಹೊಡೆದರೆ ಪಿಸ್ಟನ್ ಬಡಿದು ಹಾಳಾಗುತ್ತದೆ. 4.5 ಮಿ.ಮೀ., 20 ಜೂಲ್‌ಗಿಂತ ಕಡಿಮೆಯ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ. ಮುಂದೆ ಮದ್ದಿನ ಗುಂಡು ಹಾರಿಸುವ .22 ರೈಫಲ್ಲಿಗೆ ಹೋದಾಗ ಲೈಸೆನ್ಸ್, ಗುಂಡು, 50 ಮೀಟರ್ ರೇಂಜು ಎಲ್ಲ ಒಟ್ಟಿಗೆ ಎದುರಾಗುತ್ತವೆ. ಹತ್ತನೇ ತರಗತಿ ದಾಟಿ ಬಂದವರಲ್ಲೂ ಹಲವರು ಅಲ್ಲಿ ನಿಲ್ಲುತ್ತಾರೆ, ಆದರೆ ನಿಮಗೆ ಅದು ಇಂದಿನ ಚಿಂತೆಯಲ್ಲ.

ಈಗ ಮಗನನ್ನು ಕೂರಿಸಿಕೊಂಡು ಎಲ್ಲಿ ನೋಯುತ್ತಿತ್ತು ಎಂದು ಮಾತ್ರ ಕೇಳಿ. ಕತ್ತು, ಬೆನ್ನು ಎಂದರೆ ಅಳತೆ ತಿದ್ದಿಸಿ ಒಂದು ತಿಂಗಳು ನೋಡಿ. ರೈಫಲ್ ಹೊಡೆಯುವಾಗ ತೊಡುವ ದಪ್ಪ ಜಾಕೆಟ್ಟಿನ ಸೆಕೆ, ಬಿಗಿತ ಎಂದರೆ ಏರ್ ಪಿಸ್ತೂಲ್ ಕೊಡಿಸಿ ನೋಡಿ. ಅದಕ್ಕೆ ಜಾಕೆಟ್ ಬೇಡ, ತೂಕ ಗರಿಷ್ಠ ಒಂದೂವರೆ ಕಿಲೋ, ಹತ್ತರ ವೃತ್ತ 11.5 ಮಿ.ಮೀ.; ಒಂದೇ ಕೈಯ ಹಿಡಿತ, ಕನಿಷ್ಠ 500 ಗ್ರಾಂ ಬಲದಿಂದ ಎಳೆಯಬೇಕಾದ ಟ್ರಿಗರ್ ಬೇರೆ ಬಗೆಯ ಕಷ್ಟ, ಅದು ಕೆಲವರಿಗೆ ಒಗ್ಗುತ್ತದೆ. ಎರಡೂ ಬೇಡ, ಬ್ಯಾಡ್ಮಿಂಟನ್ ಬೇಕು ಎಂದರೆ ಖುಷಿಯಿಂದ ಕಳಿಸಿ. ಜಾಕೆಟ್ಟನ್ನು ಮಾತ್ರ ಮಳೆಗಾಲಕ್ಕೆ ಮುಂಚೆ ಕ್ಲಬ್ಬಿನಲ್ಲಿ ಇನ್ನೊಬ್ಬ ಹುಡುಗನಿಗೆ ಮಾರಿಬಿಡಿ, ಬೂಸಲು ಹಿಡಿದರೆ ಯಾರೂ ಕೊಳ್ಳುವುದಿಲ್ಲ.