ಸೂಪರ್ ಬೌಲ್ 2025: ಚೀಫ್ಸ್, ಈಗಲ್ಸ್‌ನಲ್ಲಿ ಯಾರು ಗೆಲ್ಲಬಹುದು?

ಸೂಪರ್ ಬೌಲ್ ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗ್‌ನ ಫೈನಲ್. 2025ರ ಪಂದ್ಯಕ್ಕೂ ಮುಂಚೆ ಬರೆದ ಈ ಲೆಕ್ಕಾಚಾರದಲ್ಲಿ ನನ್ನ ಮತ ಫಿಲಡೆಲ್ಫಿಯಾ ಈಗಲ್ಸ್‌ಗೆ. ಮುಖ್ಯ ಕಾರಣ ಸೇಕ್ವಾನ್ ಬಾರ್ಕ್ಲಿ. ಲೀಗ್ ಹಂತದಲ್ಲೇ ಚೆಂಡು ಹಿಡಿದು 2,005 ಗಜ ಓಡಿದ್ದಾರೆ. ವಾಷಿಂಗ್ಟನ್ ವಿರುದ್ಧದ ಸೆಮಿಫೈನಲ್‌ನಲ್ಲಿ ತಂಡದ ಮೊದಲ ದಾಳಿಯಲ್ಲೇ 60 ಗಜ ಓಡಿ ಟಚ್‌ಡೌನ್ (ಚೆಂಡಿನೊಂದಿಗೆ ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ) ಹೊಡೆದರು. ಅವರನ್ನು ತಡೆಯಲು ಜಾಸ್ತಿ ಜನ ಮುಂದೆ ಬಂದರೆ ಹಿಂದೆ ಜಾಗ ಖಾಲಿಯಾಗುತ್ತದೆ. ಆಗ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಜೇಲೆನ್ ಹರ್ಟ್ಸ್‌ಗೆ ಚೆಂಡು ಎಸೆಯೋದು ಸುಲಭ.

ಕ್ಯಾನ್ಸಸ್ ಸಿಟಿ ಚೀಫ್ಸ್ ಗೆದ್ದರೆ ಸತತ ಮೂರನೇ ಸೂಪರ್ ಬೌಲ್. ಇದುವರೆಗೆ ಯಾವ ತಂಡಕ್ಕೂ ಆಗಿಲ್ಲ. ಅವರ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಇರುವಾಗ ಕೊನೇ ನಿಮಿಷದವರೆಗೂ ಏನೂ ಹೇಳೋಕಾಗಲ್ಲ. 2023ರ ಫೈನಲ್‌ನಲ್ಲಿ ಇದೇ ಈಗಲ್ಸ್ ವಿರುದ್ಧ 38-35ರಿಂದ ಗೆದ್ದಿದ್ದರು, ಅಲ್ವಾ? ಅವತ್ತು ಹರ್ಟ್ಸ್ ಕೈಯಿಂದ ಸುಮ್ನೆ ಜಾರಿದ ಚೆಂಡನ್ನು ಚೀಫ್ಸ್‌ನ ನಿಕ್ ಬೋಲ್ಟನ್ ಎತ್ತಿಕೊಂಡು ಓಡಿ ಟಚ್‌ಡೌನ್ ಮಾಡಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆದರೆ ಈ ಸಲ ಮಹೋಮ್ಸ್‌ರ ಎಡಗಡೆ ಕಾವಲು ಗಟ್ಟಿಯಿಲ್ಲ. ಗಾರ್ಡ್ (ಕಾವಲು ಸಾಲಿನ ಒಳಗಡೆ ನಿಲ್ಲುವವರು) ಆಡುವ ಜೋ ಥೂನಿಯನ್ನು ಟ್ಯಾಕಲ್ (ಸಾಲಿನ ತುದಿ) ಜಾಗಕ್ಕೆ ಸರಿಸಿದ್ದಾರೆ. ಈಗಲ್ಸ್ ಅಲ್ಲಿಂದಲೇ ನುಗ್ಗಬಹುದು.

ಪಂದ್ಯ ಫೆಬ್ರವರಿ 9ರಂದು ನ್ಯೂ ಆರ್ಲಿಯನ್ಸ್‌ನಲ್ಲಿ. ನಮಗೆ ಸೋಮವಾರ ಬೆಳಗಿನ ಜಾವ 5ಕ್ಕೆ ಶುರು.