ಬೇಬ್ ರೂತ್ ನಿಜವಾಗ್ಲೂ ಅನಾಥನಾ?

ಅಮೆರಿಕದ ಹೆಸರಾಂತ ಬೇಸ್‌ಬಾಲ್ ಆಟಗಾರ ಬೇಬ್ ರೂತ್ ಅನಾಥಾಶ್ರಮದಲ್ಲಿ ಬೆಳೆದದ್ದು ನಿಜವಾ ಅಂತ ಕೇಳಿದ್ದೀರಲ್ಲ, ಅರ್ಧ ಮಾತ್ರ ನಿಜ. ಅವನಿಗೆ ಅಪ್ಪ ಅಮ್ಮ ಇಬ್ಬರೂ ಇದ್ದರು. ಬಾಲ್ಟಿಮೋರ್‌ನಲ್ಲಿ ಅಪ್ಪನದೊಂದು ಬಾರ್ ಇತ್ತು. ಹುಡುಗ ಶಾಲೆಗೆ ಚಕ್ಕರ್ ಹೊಡೆದು ಬೀದಿ ಸುತ್ತುತ್ತಿದ್ದ, ಯಾರ ಮಾತೂ ಕೇಳುತ್ತಿರಲಿಲ್ಲ, ಅದಕ್ಕೆ 1902ರಲ್ಲಿ, ಏಳನೇ ವಯಸ್ಸಿಗೇ, ಸೇಂಟ್ ಮೇರೀಸ್ ಅನ್ನೋ ಕ್ಯಾಥೊಲಿಕ್ ಶಾಲೆಗೆ ಹಾಕಿಬಿಟ್ಟರು. ಅಲ್ಲಿ ಅನಾಥರೂ ಇದ್ದರು, ತಂಟೆಕೋರರೂ ಇದ್ದರು. ಗೊಂದಲ ಶುರುವಾಗಿದ್ದು ಅಲ್ಲಿಂದಲೇ ಇರಬೇಕು.

ಆ ಶಾಲೆಯಲ್ಲಿ ಅವನು ಅಂಗಿ ಹೊಲಿಯೋದು ಕಲಿತ. ಬೇಸ್‌ಬಾಲ್ ಹುಚ್ಚು ಹಿಡಿಸಿದ್ದು ಅಲ್ಲಿನ ಸನ್ಯಾಸಿ ಬ್ರದರ್ ಮಥಾಯಸ್, ಭಾರಿ ಆಳು, ರೂತ್‌ಗೆ ಅಪ್ಪನಿಗಿಂತ ಜಾಸ್ತಿ ಅಂದ್ರೂ ತಪ್ಪಿಲ್ಲ. ಹುಡುಗ ಎಡಚ, ಶಾಲೆಯಲ್ಲಿ ಇದ್ದದ್ದು ಬಲಗೈಯವರ ಗ್ಲೌಸ್, ಅಂದ್ರೆ ಎಡಗೈಗೆ ಹಾಕೋದು. ಎಡಗೈಗೇ ಹಾಕಿಕೊಂಡು ಚೆಂಡು ಹಿಡಿದು, ತಟ್ಟನೆ ಗ್ಲೌಸ್ ಕಳಚಿ, ಅದೇ ಕೈಯಲ್ಲಿ ಎಸೆಯುತ್ತಿದ್ದ! ಸುಮ್ನೆ ಒಮ್ಮೆ ಮಾಡಿ ನೋಡಿ, ಗೊತ್ತಾಗುತ್ತೆ.

1914ರಲ್ಲಿ ಎಲ್ಲಾ ಒಟ್ಟಿಗೇ ಆಯ್ತು. ಊರಿನ ಓರಿಯೋಲ್ಸ್ ತಂಡದ ಮಾಲೀಕ ಜಾಕ್ ಡನ್ ಕರೆದುಕೊಂಡ, ಜುಲೈಗೆ ಬಾಸ್ಟನ್ ರೆಡ್ ಸಾಕ್ಸ್ ಪರ ಮೊದಲ ಆಟ, ಅಕ್ಟೋಬರ್‌ನಲ್ಲಿ ಹೆಲೆನ್ ಜೊತೆ ಮದುವೆ. ಆಗ ವಯಸ್ಸು ಬರೀ 19. ಅಮ್ಮ ಅದಕ್ಕೂ ಮುಂಚೆ, 1912ರಲ್ಲೇ ತೀರಿಕೊಂಡಿದ್ದರು, ಅಪ್ಪ ಹೋಗಿದ್ದು 1918ರಲ್ಲಿ.

ಇನ್ನೊಂದು ತಮಾಷೆ: ತಾನು ಹುಟ್ಟಿದ್ದು 1894ರಲ್ಲಿ ಅಂತಲೇ ನಂಬಿದ್ದ, 1934ರಲ್ಲಿ ಪಾಸ್‌ಪೋರ್ಟ್ ಮಾಡಿಸೋವಾಗ 1895 ಅಂತ ಗೊತ್ತಾಗಿದ್ದು.